ನೆವಿಲ್ ಚೇಂಬರ್ಲೇನ್ (ಸ್ನೂಕರ್ ಆಟದ ಪ್ರವರ್ತಕ)

ಸರ್ ನೆವಿಲ್ ಫ್ರಾನ್ಸಿಸ್ ಫಿಟ್ಜ್‌ಜೆರಾಲ್ಡ್ ಚೇಂಬರ್ಲೇನ್ (೧೩ ಜನವರಿ ೧೮೫೬ – ೨೮ ಮೇ ೧೯೪೪) ಬ್ರಿಟಿಷ್ ಸೇನೆಯ ಅಧಿಕಾರಿ. ಭಾರತ, ಅಫ್ಘಾನಿಸ್ತಾನ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಸೇವೆ ಸಲ್ಲಿಸಿದ ಇವರು ಮುಂದೆ ಐರ್ಲೆಂಡಿನ ಪೊಲೀಸ್ ಪಡೆಯ ಮುಖ್ಯಸ್ಥರಾಗಿದ್ದರು. ಆದರೆ ಇಂದು ಇವರನ್ನು ಸ್ಮರಿಸುವುದು ಸ್ನೂಕರ್ ಆಟವನ್ನು ರೂಪಿಸಿದವರೆಂದು. ೧೯೩೭ರಿಂದ ೧೯೪೦ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ನೆವಿಲ್ ಚೇಂಬರ್ಲೇನ್ ಬೇರೆ ವ್ಯಕ್ತಿ. ಇವರ ದೊಡ್ಡಪ್ಪ, ಮದ್ರಾಸ್ ಸೇನೆಯ ದಂಡನಾಯಕರಾಗಿದ್ದ ಫೀಲ್ಡ್ ಮಾರ್ಷಲ್ ಸರ್ ನೆವಿಲ್ ಬೌಲ್ಸ್ ಚೇಂಬರ್ಲೇನ್ ಅವರ ಹೆಸರೂ ಇದೇ ಆಗಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಜಬಲ್ಪುರದ ಮಳೆಗಾಲ

೧೮೭೫ರಲ್ಲಿ ಚೇಂಬರ್ಲೇನ್ ಹತ್ತೊಂಬತ್ತು ವರ್ಷದ ಕಿರಿಯ ಅಧಿಕಾರಿ. ಅವರಿದ್ದ ಡೆವನ್‌ಷೈರ್ ರೆಜಿಮೆಂಟ್ ಆಗ ಜಬಲ್ಪುರದಲ್ಲಿ ಬೀಡುಬಿಟ್ಟಿತ್ತು. ಮಳೆಗಾಲದಲ್ಲಿ ಹೊರಗೆ ಆಡುವಂತಿರಲಿಲ್ಲ. ಅಧಿಕಾರಿಗಳ ಭೋಜನಶಾಲೆಯ ಬಿಲಿಯರ್ಡ್ಸ್ ಮೇಜೇ ಕಾಲ ಕಳೆಯುವ ದಾರಿಯಾಗಿತ್ತು. ಹದಿನೈದು ಕೆಂಪು ಚೆಂಡುಗಳ ಪಿರಮಿಡ್ಸ್, ಒಂದು ಕಪ್ಪು ಚೆಂಡನ್ನು ಸೇರಿಸಿಕೊಂಡ ಬ್ಲ್ಯಾಕ್ ಪೂಲ್ ಮೊದಲಾದ ಆಟಗಳು ರೂಢಿಯಲ್ಲಿದ್ದವು. ಹಣ ಪಣಕ್ಕಿಟ್ಟು ಆಡುವುದೂ ಸಾಮಾನ್ಯವಾಗಿತ್ತು. ಈ ಆಟಗಳಿಗೆ ಇನ್ನೂ ಕೆಲವು ಬಣ್ಣದ ಚೆಂಡುಗಳನ್ನು ಸೇರಿಸಿದರೆ ಆಟ ರಂಜಕವಾಗುತ್ತದೆಂದು ಚೇಂಬರ್ಲೇನ್ ಸೂಚಿಸಿದರು. ಮೊದಲಿಗೆ ಹಳದಿ, ಹಸಿರು, ಗುಲಾಬಿ ಚೆಂಡುಗಳು ಬಂದವು. ನೀಲಿ ಮತ್ತು ಕಂದು ಸೇರಿದ್ದು ನಂತರದ ವರ್ಷಗಳಲ್ಲಿ.

ಹೆಸರಿನ ಕತೆ ಸ್ವಾರಸ್ಯಕರವಾಗಿದೆ. ವುಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಹಾಸ್ಯಕ್ಕೆ ಸ್ನೂಕರ್ ಎಂದು ಕರೆಯುತ್ತಿದ್ದರು. ಅಲ್ಲಿ ಕಲಿತ ಅಧಿಕಾರಿಯೊಬ್ಬನ ಬಾಯಿಂದ ಈ ಮಾತು ಜಬಲ್ಪುರಕ್ಕೆ ಬಂತು. ಸುಲಭದ ಚೆಂಡನ್ನು ಪಾಕೆಟ್ಟಿಗೆ ತಳ್ಳಲಾಗದೆ ತಪ್ಪಿದ ಆಟಗಾರನೊಬ್ಬನನ್ನು ಚೇಂಬರ್ಲೇನ್ ಅದೇ ಮಾತಿನಿಂದ ಛೇಡಿಸಿದರು. ಆತ ನೊಂದುಕೊಳ್ಳದಿರಲೆಂದು, ಈ ಹೊಸ ಆಟಕ್ಕೆ ತಾವೆಲ್ಲರೂ ಸ್ನೂಕರ್‌ಗಳೇ ಎಂದು ಸೇರಿಸಿದರು. ಎಳಸುತನವನ್ನು ಸೂಚಿಸುತ್ತಿದ್ದ ಪದ ಹೀಗೆ ಆಟದ ಹೆಸರಾಗಿ ನಿಂತಿತು.

ಊಟಿಯ ಕ್ಲಬ್ಬಿನಲ್ಲಿ

ಎರಡನೆಯ ಅಫ್ಘನ್ ಯುದ್ಧದಲ್ಲಿ (೧೮೭೮–೮೦) ಚೇಂಬರ್ಲೇನ್ ಜನರಲ್ ಫ್ರೆಡರಿಕ್ ರಾಬರ್ಟ್ಸ್ ಅವರ ಕೈಕೆಳಗೆ ಸೇವೆ ಸಲ್ಲಿಸಿದರು. ೧೮೮೧ರಲ್ಲಿ ರಾಬರ್ಟ್ಸ್ ಮದ್ರಾಸ್ ಸೇನೆಯ ದಂಡನಾಯಕರಾದಾಗ ಅವರ ಸಿಬ್ಬಂದಿಯಾಗಿ ಊಟಿಗೆ ಬಂದರು. ಊಟಿ ಆಗ ಮದ್ರಾಸ್ ಪ್ರಾಂತ್ಯದ ಬೇಸಿಗೆಯ ಆಡಳಿತ ಕೇಂದ್ರ. ಮೈಸೂರು ಮಹಾರಾಜರ ಬೇಸಿಗೆಯ ಅರಮನೆಯಾದ ಫರ್ನ್‌ಹಿಲ್ ಇರುವುದೂ ಇಲ್ಲಿಯೇ. ೧೮೮೨ರಲ್ಲಿ ಆಟದ ನಿಯಮಗಳು ಊಟಿ ಕ್ಲಬ್ಬಿನಲ್ಲಿ ಲಿಖಿತ ರೂಪ ಪಡೆದು ಬಿಲಿಯರ್ಡ್ಸ್ ಕೋಣೆಯ ಗೋಡೆಯ ಮೇಲೆ ತೂಗಿದವು. ಬಾಯಿಂದ ಬಾಯಿಗೆ ಸಾಗುತ್ತಿದ್ದ ಆಟಕ್ಕೆ ಕಟ್ಟುಪಾಡು ದೊರೆತದ್ದು ಇಲ್ಲಿ. ಆದ್ದರಿಂದ ಜಬಲ್ಪುರವನ್ನು ಆಟ ಹುಟ್ಟಿದ ಊರೆಂದೂ ಊಟಿಯನ್ನು ಅದು ಬೆಳೆದ ಊರೆಂದೂ ಹೇಳಬಹುದು. ೧೮೮೫ರಲ್ಲಿ ಭಾರತಕ್ಕೆ ಬಂದ ಪ್ರಸಿದ್ಧ ಬಿಲಿಯರ್ಡ್ಸ್ ಆಟಗಾರ ಜಾನ್ ರಾಬರ್ಟ್ಸ್, ಕೂಚ್ ಬಿಹಾರದ ಮಹಾರಾಜರ ಭೋಜನಕೂಟದಲ್ಲಿ ಚೇಂಬರ್ಲೇನ್ ಅವರಿಂದ ನಿಯಮಗಳನ್ನು ಕೇಳಿ ತಿಳಿದು ಇಂಗ್ಲೆಂಡಿಗೆ ಒಯ್ದರೆಂದು ಪ್ರತೀತಿ.

ನಂತರದ ಸೇವೆ

ಕಾಶ್ಮೀರ ಸಂಸ್ಥಾನದ ಮಿಲಿಟರಿ ಕಾರ್ಯದರ್ಶಿಯಾಗಿ, ಬೋಯರ್ ಯುದ್ಧದಲ್ಲಿ ರಾಬರ್ಟ್ಸ್ ಅವರ ಖಾಸಗಿ ಕಾರ್ಯದರ್ಶಿಯಾಗಿ ದುಡಿದ ಚೇಂಬರ್ಲೇನ್ ೧೯೦೦ರಲ್ಲಿ ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿಯ ಇನ್ಸ್‌ಪೆಕ್ಟರ್ ಜನರಲ್ ಆದರು. ೧೯೦೩ರಲ್ಲಿ ನೈಟ್ ಪದವಿ ಸಂದಿತು. ೧೯೧೬ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ನಡೆದ ಈಸ್ಟರ್ ದಂಗೆಯ ನಂತರ, ಅದೇ ವರ್ಷ ಹುದ್ದೆಯನ್ನು ತೊರೆದರು.

ಆಟದ ಮೂಲದ ವಿವಾದ

ಆಟ ಜಗತ್ತಿನಾದ್ಯಂತ ಹಬ್ಬಿದರೂ ಅದರ ಮೂಲ ಮರೆತುಹೋಗಿತ್ತು. ಸ್ನೂಕರ್ ವುಲಿಚ್ ಅಕಾಡೆಮಿಯಲ್ಲೇ ಹುಟ್ಟಿತೆಂಬ ವಾದವೂ ಇತ್ತು. ಇದನ್ನು ಅಲ್ಲಗಳೆದು ಚೇಂಬರ್ಲೇನ್ ೧೯ ಮಾರ್ಚ್ ೧೯೩೮ರಂದು ಪ್ರಕಟವಾದ ಪತ್ರವೊಂದರಲ್ಲಿ, ದಿ ಫೀಲ್ಡ್ ಪತ್ರಿಕೆಯ ಮೂಲಕ, ಜಬಲ್ಪುರದ ಸಂಗತಿಯನ್ನು ವಿವರಿಸಿದರು. ಆಗ ಅವರಿಗೆ ಎಂಬತ್ತೆರಡು ವರ್ಷ. ಘಟನೆ ನಡೆದು ಅರುವತ್ತಮೂರು ವರ್ಷ ಕಳೆದಿತ್ತು. ಇಷ್ಟು ತಡವಾಗಿ ಬಂದ ಹೇಳಿಕೆಯ ಬಗ್ಗೆ ಸಂದೇಹ ಪಡುವುದು ಸಹಜ. ಆದರೆ ಅವರ ಸಮಕಾಲೀನ ಸೇನಾಧಿಕಾರಿಗಳು ಕೆಲವರು ಇದನ್ನು ಸಮರ್ಥಿಸಿದರು. ೧೯೩೯ರಲ್ಲಿ ಕಾದಂಬರಿಕಾರ ಕಾಂಪ್ಟನ್ ಮೆಕೆಂಜಿ ದಿ ಬಿಲಿಯರ್ಡ್ ಪ್ಲೇಯರ್ ಪತ್ರಿಕೆಯಲ್ಲಿ ಚೇಂಬರ್ಲೇನ್ ಅವರ ಪರವಾಗಿ ಬರೆದ ಮೇಲೆ ಈ ನಿಲುವು ಸಾಮಾನ್ಯವಾಗಿ ಅಂಗೀಕೃತವಾಯಿತು. ಆ ಪತ್ರವನ್ನು ಬರೆಯದೆ ಇದ್ದಿದ್ದರೆ ಜಬಲ್ಪುರದ ಹೆಸರು ಆಟದ ಇತಿಹಾಸದಿಂದ ಅಳಿದುಹೋಗುತ್ತಿತ್ತೇನೋ. ಪತ್ರ ಪ್ರಕಟವಾದ ಆರು ವರ್ಷಗಳ ನಂತರ ಅವರು ಇಂಗ್ಲೆಂಡಿನ ಆಸ್ಕಟ್‌ನಲ್ಲಿ ನಿಧನರಾದರು.

ಹವ್ಯಾಸಿಗಳ ವಿಶ್ವ ಸ್ಪರ್ಧೆ

ಹವ್ಯಾಸಿ ಆಟಗಾರರ ವಿಶ್ವ ಸ್ನೂಕರ್ ಚಾಂಪಿಯನ್‌ಷಿಪ್ ಮೊದಲ ಬಾರಿಗೆ ನಡೆದದ್ದು ಭಾರತದಲ್ಲಿಯೇ, ೧೯೬೩ರಲ್ಲಿ ಕಲ್ಕತ್ತದಲ್ಲಿ. ಇಂಗ್ಲೆಂಡಿನ ಗ್ಯಾರಿ ಓವೆನ್ ವಿಜೇತರಾದರು. ೧೯೮೪ರಲ್ಲಿ ಡಬ್ಲಿನ್‌ನಲ್ಲಿ ಓಂ ಅಗರ್ವಾಲ್ ಈ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು; ಚೇಂಬರ್ಲೇನ್ ಹುದ್ದೆ ತೊರೆದ ನಗರವೇ ಅದು. ೨೦೦೩ರಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ ಗೆದ್ದರು. ಅದೇ ವರ್ಷದಿಂದ ಮಹಿಳೆಯರಿಗೂ ಪ್ರತ್ಯೇಕ ವಿಭಾಗ ಆರಂಭವಾಯಿತು. ೨೦೧೧ ಮತ್ತು ೨೦೧೪ರ ಸ್ಪರ್ಧೆಗಳು ಬೆಂಗಳೂರಿನಲ್ಲಿ ಜರುಗಿದವು. ೨೦೧೪ರಲ್ಲಿ ಬೆಲ್ಜಿಯಂನ ವೆಂಡಿ ಯಾನ್ಸ್ ಮಹಿಳೆಯರ ವಿಭಾಗದಲ್ಲಿ ಗೆದ್ದರೆ, ಪುರುಷರ ಪ್ರಶಸ್ತಿ ಚೀನಾದ ಹದಿನಾಲ್ಕು ವರ್ಷದ ಬಾಲಕ ಯಾನ್ ಬಿಂಗ್‌ಟಾವೊ ಪಾಲಾಯಿತು.