ರೈತರನ್ನೇ ಗುರು ಅಂದುಕೊಂಡ ಗೊಬ್ಬರದ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್

ಗುಂಡಿ ತೋಡಿ, ಕಸಕಡ್ಡಿ, ಸಗಣಿ, ಬೂದಿಯನ್ನು ಪದರ ಪದರವಾಗಿ ಹಾಕಿ ಗೊಬ್ಬರ ಮಾಡುವ ಒಂದು ಕ್ರಮಕ್ಕೆ ಇಂದೋರ್ ಪದ್ಧತಿ ಅಂತ ಹೆಸರು. ಅದನ್ನು ರೂಪಿಸಿದವರು ಇಂಗ್ಲೆಂಡಿನ ಸರ್ ಆಲ್ಬರ್ಟ್ ಹೊವಾರ್ಡ್. ಆದರೆ ಅದರ ಬುನಾದಿ ಪಾಠವನ್ನು ಅವರು ಕಲಿತದ್ದು ನಮ್ಮ ದೇಶದ ಸಣ್ಣ ರೈತರಿಂದ.

ಹೊವಾರ್ಡ್ ಹುಟ್ಟಿದ್ದು 1873ರಲ್ಲಿ, ಒಂದು ರೈತ ಕುಟುಂಬದಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿ, ವೆಸ್ಟ್ ಇಂಡೀಸ್‌ನಲ್ಲಿ ಬೆಳೆ ರೋಗಗಳ ಮೇಲೆ ಕೆಲಸ ಮಾಡಿದರು. ಪ್ರಯೋಗಾಲಯದಲ್ಲಿ ಕೂತು ರೈತರಿಗೆ ಸಲಹೆ ಕೊಡೋದು, ಅದನ್ನು ಪರೀಕ್ಷಿಸಲು ತನಗೇ ಜಮೀನು ಇಲ್ಲದಿರೋದು ಅವರಿಗೆ ಸರಿ ಕಾಣಲಿಲ್ಲ. 1905ರಲ್ಲಿ ಸರ್ಕಾರಿ ಸಸ್ಯವಿಜ್ಞಾನಿಯಾಗಿ ಬಿಹಾರದ ಪೂಸಾಕ್ಕೆ ಬಂದರು.

ಪೂಸಾ ಸುತ್ತಮುತ್ತಲಿನ ರೈತರ ಹತ್ತಿರ ಔಷಧಿಯೂ ಇಲ್ಲ, ಅಂಗಡಿ ಗೊಬ್ಬರವೂ ಇಲ್ಲ. ಆದರೂ ಬೆಳೆಗೆ ಕೀಟ, ರೋಗದ ಕಾಟ ಕಡಿಮೆ. ಇದನ್ನು ಕಂಡ ಹೊವಾರ್ಡ್ ರೈತರನ್ನೂ ಕೀಟಗಳನ್ನೂ ತಮ್ಮ ಗುರುಗಳೆಂದು ತಿಳಿದರು. ಧಾನ್ಯದ ಜೊತೆ ತೊಗರಿಯಂಥ ಬೇಳೆಕಾಳು ಬಿತ್ತುವ ರೂಢಿ, ಅಂದರೆ ನಮ್ಮ ಕಡೆಯ ಅಕ್ಕಡಿ ಸಾಲಿನಂಥದ್ದು, ಅವರ ಗಮನ ಸೆಳೆಯಿತು. ದ್ವಿದಳ ಬೆಳೆಯ ಬೇರುಗಂಟುಗಳು ಗಾಳಿಯ ಸಾರಜನಕ ಹಿಡಿಯುತ್ತವೆ ಎಂದು ಯುರೋಪಿನ ವಿಜ್ಞಾನ ಸಾಬೀತು ಮಾಡಿದ್ದು 1880ರ ದಶಕದಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ರೈತರು ಇದನ್ನು ಹೊಲದಲ್ಲಿ ಮಾಡಿಕೊಂಡೇ ಬಂದಿದ್ದರು.

ಹಾಗಂತ ಎಲ್ಲವೂ ಸರಿಯಿದೆ ಅಂತ ಅವರು ಹೇಳಲಿಲ್ಲ. ಸಗಣಿ ಬೆರಣಿಯಾಗಿ ಒಲೆಗೆ ಹೋಗುತ್ತಿತ್ತು, ಗಂಜಲ ಕೊಟ್ಟಿಗೆಯ ನೆಲದಲ್ಲೇ ಇಂಗಿ ಹಾಳಾಗುತ್ತಿತ್ತು.

1924ರಲ್ಲಿ ಇಂದೋರ್‌ಗೆ ಹೋದ ಮೇಲೆ ಇದಕ್ಕೆ ದಾರಿ ಹುಡುಕಿದರು. ಚೀನಾದ ರೈತರ ಗೊಬ್ಬರದ ಕ್ರಮವೂ ಅವರಿಗೆ ನೆರವಾಯಿತು. ಕೊಟ್ಟಿಗೆ ನೆಲಕ್ಕೆ ಮಣ್ಣು ಹಾಕಿ, ಗಂಜಲ ಕುಡಿದ ಆ ಮಣ್ಣನ್ನೇ ತೆಗೆದು ಗುಂಡಿಗೆ ಹಾಕುವುದು. ಗಟ್ಟಿ ಹತ್ತಿ ಕಡ್ಡಿಯನ್ನು ಗಾಡಿ ದಾರಿಗೆ ಹರಡಿದರೆ ಚಕ್ರಗಳೇ ಅದನ್ನು ಪುಡಿ ಮಾಡುತ್ತವೆ. ಇವಕ್ಕೆ ಸಗಣಿ, ಬೂದಿ ಸೇರಿಸಿ, ನೀರು ಚಿಮುಕಿಸಿ, ಮೂರು ಸಲ ತಿರುವಿ ಹಾಕಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ದುಡ್ಡು ಕೊಟ್ಟು ತರುವಂಥದ್ದು ಏನೂ ಇಲ್ಲ.

ಈ ಕೆಲಸದಲ್ಲಿ ಸಸ್ಯವಿಜ್ಞಾನಿಯಾಗಿದ್ದ ಪತ್ನಿ ಗೇಬ್ರಿಯೆಲ್ ಅವರದ್ದೂ ಸಮಪಾಲು. 1930ರಲ್ಲಿ ಅವರು ತೀರಿಕೊಂಡರು. ಮರುವರ್ಷ ಯಶವಂತ ವಾಡ್ ಜೊತೆ ಸೇರಿ ಹೊವಾರ್ಡ್ ಈ ಪದ್ಧತಿಯ ಪುಸ್ತಕ ತಂದರು, ನಂತರ ಇಂಗ್ಲೆಂಡಿಗೆ ಮರಳಿದರು. 1940ರ ಇನ್ನೊಂದು ಪುಸ್ತಕದಲ್ಲಿ ರಾಸಾಯನಿಕ ಗೊಬ್ಬರವನ್ನೇ ನಂಬುವುದನ್ನು ಟೀಕಿಸಿದಾಗ ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. ಮುಂದೆ ಸಾವಯವ ಕೃಷಿಗೆ ಅದೇ ಆಧಾರವಾಯಿತು. 1947ರಲ್ಲಿ ಹೊವಾರ್ಡ್ ನಿಧನರಾದರು.

ನಮ್ಮ ರಾಜ್ಯಕ್ಕೂ ಈ ಕಥೆಯ ನಂಟಿದೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ತಿರುವಿ ಹಾಕುವ ಕೆಲಸವೇ ಇಲ್ಲದ ಬೆಂಗಳೂರು ಪದ್ಧತಿ ರೂಪಿಸಿದರು. ಪೇಟೆಯ ಕಸವೂ ಗೊಬ್ಬರವಾಗಲು ಇದು ದಾರಿ ಮಾಡಿತು.

ಹೊವಾರ್ಡ್‌ಗೆ ಸರ್ ಪದವಿ ಸಿಕ್ಕಿತು. ಅವರಿಗೆ ಪಾಠ ಕಲಿಸಿದ ರೈತರ ಹೆಸರು ಯಾರಿಗೂ ಗೊತ್ತಿಲ್ಲ. ಈಗ ಎಷ್ಟೋ ಕೊಟ್ಟಿಗೆಗಳಿಗೆ ಸಿಮೆಂಟ್ ನೆಲ ಬಂದಿದೆ, ಗಂಜಲ ಸೀದಾ ಚರಂಡಿಗೆ ಹರಿಯುತ್ತಿದೆ. ಒಂದು ಚಿಕ್ಕ ಕಾಲುವೆ ಮಾಡಿ ಅದನ್ನು ತಿಪ್ಪೆಗುಂಡಿಗೆ ತಿರುಗಿಸಿದರೆ ಜಮೀನಿಗೆ ಸಾರ, ಕೈಯಲ್ಲಿ ನಾಲ್ಕು ಕಾಸು ಉಳಿತಾಯ.