ತಾಮ್ರ ಉಳಿಸಿ ಬೈಸಿಕೊಂಡ ಡೇವಿ

ಕೆಮಿಸ್ಟ್ರಿ ಕ್ಲಾಸಲ್ಲಿ ನಾವೆಲ್ಲ ಸ್ಯಾಕ್ರಿಫಿಶಿಯಲ್ ಆನೋಡ್ ಓದಿದ್ವಿ. ಒಂದು ಡೆಫಿನಿಷನ್, ಒಂದು ಡಯಾಗ್ರಾಮ್, ಮುಗೀತು. ಅದರ ಹಿಂದೆ ಹಂಫ್ರಿ ಡೇವಿ ಇದ್ದಾರೆ ಅಂತ ನಮಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದದ್ದು ಗಣಿ ಕಾರ್ಮಿಕರ ದೀಪ ಮಾಡಿದ ಡೇವಿ ಮಾತ್ರ.

ಡೇವಿ ಹುಟ್ಟಿದ್ದು 1778ರಲ್ಲಿ, ಇಂಗ್ಲೆಂಡಿನ ಪೆನ್ಜಾನ್ಸ್ ಎಂಬ ಕಡಲ ತೀರದ ಊರಲ್ಲಿ. ಹದಿನಾರರ ಹೊತ್ತಿಗೆ ಅಪ್ಪ ತೀರಿಹೋದರು. ಊರಿನ ಸರ್ಜನ್ ಒಬ್ಬರ ಹತ್ತಿರ ಕೆಲಸ ಕಲಿಯಲು ಸೇರಿದರು. ಕಾಲೇಜಿನ ಮೆಟ್ಟಿಲು ಹತ್ತಲೇ ಇಲ್ಲ. ಆದರೂ 1807ರಲ್ಲಿ ವಿದ್ಯುತ್ ಹರಿಸಿ ಪೊಟ್ಯಾಸಿಯಂ, ಸೋಡಿಯಂ ಬೇರ್ಪಡಿಸಿದರು. 1820ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷರಾದರು. ಇದೆಲ್ಲ ಗೂಗಲ್ ಮಾಡಿದರೆ ಸಿಗುತ್ತೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಕಥೆ.

ಆಗ ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು, ಮರ ಕೊರೆಯುವ ಹುಳ ಬರದಿರಲಿ ಅಂತ. ಆದರೆ ತಗಡೇ ಬೇಗ ಸವೆದುಹೋಗುತ್ತಿತ್ತು. 1823ರಲ್ಲಿ ಸಮಸ್ಯೆ ಡೇವಿ ಹತ್ತಿರ ಬಂತು. ಉಪ್ಪುನೀರಿನ ಜೊತೆ ಅದರಲ್ಲಿ ಕರಗಿರುವ ಗಾಳಿಯೂ ಸೇರಿ ತಾಮ್ರವನ್ನು ತಿನ್ನುತ್ತೆ, ಹಸಿರು ಕಿಲುಬು ಬರೋದು ಅದರಿಂದ ಅಂತ ಅವರು ಕಂಡುಕೊಂಡರು. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುವ ನಮ್ಮ ಅಜ್ಜಿಯರಿಗೆ ಕಿಲುಬು ಹೊಸದೇನಲ್ಲ. ಡೇವಿ ಅದು ಬರದ ಹಾಗೇ ಮಾಡಲು ಹೊರಟರು.

ತಾಮ್ರಕ್ಕೆ ತಾಗಿದಂತೆ ಸತುವಿನದೋ ಕಬ್ಬಿಣದ್ದೋ ತುಂಡು ಜೋಡಿಸಿದರು. ತಾಮ್ರದ ಮೇಲ್ಮೈಯ 1/150ರಷ್ಟಿದ್ದರೂ ಸಾಕಾಗುತ್ತಿತ್ತು. ಆ ತುಂಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ತಾನು ಸವೆಯುತ್ತೆ, ತಾಮ್ರ ಉಳಿಯುತ್ತೆ. ಎಲೆಕ್ಟ್ರಾನ್ ಅನ್ನೋದು ನಮ್ಮ ಕಾಲದ ಮಾತು, ಆಗ ಅದು ಯಾರಿಗೂ ಗೊತ್ತಿರಲಿಲ್ಲ! 1824ರಲ್ಲಿ ನೌಕಾಪಡೆಯ ಹಡಗುಗಳಿಗೂ ಹಾಕಿಸಿದರು.

ತಾಮ್ರವೇನೋ ಉಳೀತು. ಆದರೆ ಹಡಗಿನ ತಳಕ್ಕೆ ಪಾಚಿ, ಚಿಪ್ಪಿನ ಪ್ರಾಣಿಗಳು ಮೆತ್ತಿಕೊಂಡು ವೇಗ ಕುಸೀತು. ಸವೆಯುವ ತಾಮ್ರದಿಂದ ನೀರಿಗೆ ಕರಗುತ್ತಿದ್ದ ವಿಷವೇ ಅಲ್ಲಿವರೆಗೆ ಅವುಗಳನ್ನು ದೂರ ಇಟ್ಟಿತ್ತು. ಸವೆತ ನಿಂತಿತು, ವಿಷವೂ ನಿಂತಿತು. ನೌಕಾಪಡೆ ಯೋಜನೆ ಕೈಬಿಟ್ಟಿತು, ಡೇವಿ ಟೀಕೆ ತಿಂದರು. ಅವರ ಕೆಮಿಸ್ಟ್ರಿಯಲ್ಲಿ ತಪ್ಪಿರಲಿಲ್ಲ. ಆತುರ ಇತ್ತು ಅಂತ ನಮಗನ್ನಿಸುತ್ತೆ. ಒಂದೆರಡು ಹಡಗನ್ನು ವರ್ಷಗಟ್ಟಲೆ ನೀರಲ್ಲಿಟ್ಟು ನೋಡಬಹುದಿತ್ತು.

1826ರ ಕೊನೆಗೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮರುವರ್ಷ ಅಧ್ಯಕ್ಷ ಸ್ಥಾನ ಬಿಟ್ಟರು. 1829ರ ಮೇ 29ರಂದು ಜಿನೀವಾದಲ್ಲಿ ತೀರಿಕೊಂಡಾಗ ಅವರಿಗೆ 50 ವರ್ಷ.

ಇವತ್ತು ಎಷ್ಟೋ ಉಕ್ಕಿನ ಹಡಗುಗಳ ತಳದಲ್ಲಿ ಸತುವಿನ ತುಂಡುಗಳಿವೆ. ಅದೇ ತಳಕ್ಕೆ ಬಳಿಯುವ ಪೇಂಟಿನಲ್ಲಿ ತಾಮ್ರದ ಆಕ್ಸೈಡ್ ಇರುತ್ತೆ, ಚಿಪ್ಪು ಮೆತ್ತದಿರಲಿ ಅಂತ.