ಮಹಾಮಾರಿಯ ಮುಂದೆ ನಿಂತ ಹಾಫ್‌ಕಿನ್

ಇಲಿ ಬಿದ್ದರೆ ಊರು ಬಿಡಬೇಕೆಂಬ ತಿಳಿವಳಿಕೆ ಉತ್ತರ ಕರ್ನಾಟಕದ ಹಳೆಯ ಮನೆತನಗಳಲ್ಲಿ ಬಹುಕಾಲ ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಮುಂಬಯಿಯಿಂದ ರೈಲುಹಾದಿಗುಂಟ ಒಳನಾಡಿಗೆ ಇಳಿದಾಗ ಹುಬ್ಬಳ್ಳಿ, ಧಾರವಾಡಗಳು ತತ್ತರಿಸಿದವು. ಹಳ್ಳಿಗರು ಮನೆಗೆ ಬೀಗವಿಕ್ಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆದಕಾರಣ ಇಲ್ಲಿಯ ಜನರ ಅಳಿವು ಉಳಿವು ಮುಂಬಯಿಯ ಒಂದು ಪ್ರಯೋಗಶಾಲೆಯೊಡನೆ ಹೆಣೆದುಕೊಂಡಿತು. ಆ ಪ್ರಯೋಗಶಾಲೆಯನ್ನು ಕಟ್ಟಿದವನು ವಾಲ್ಡೆಮಾರ್ ಹಾಫ್‌ಕಿನ್.

ಅವನು ಹುಟ್ಟಿದುದು 1860ರ ಮಾರ್ಚ್ 15ರಂದು, ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದ ಯಹೂದ್ಯ ಕುಟುಂಬದಲ್ಲಿ. ಪ್ರಸಿದ್ಧ ವಿಜ್ಞಾನಿ ಮೆಚ್ನಿಕಾಫ್ ಅವನ ಗುರು. ಯಹೂದ್ಯರ ಮನೆಗಳ ಮೇಲೆ ದಾಳಿ ನಡೆದಾಗ ಹಾಫ್‌ಕಿನ್ನನು ಸ್ವರಕ್ಷಣೆಯ ದಳದಲ್ಲಿ ನಿಂತು ಗಾಯಗೊಂಡು ಸೆರೆಯನ್ನೂ ಕಂಡನು. ಮತಾಂತರಕ್ಕೆ ಒಪ್ಪದ ಅವನಿಗೆ ಸ್ವದೇಶದಲ್ಲಿ ಅಧ್ಯಾಪಕ ಪದವಿ ದೊರೆಯಲಿಲ್ಲ. ಜಿನೀವಾದ ದಾರಿಯಾಗಿ ಪ್ಯಾರಿಸಿಗೆ ಬಂದು, ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಸಹಾಯಕನಾಗಿ ಸೇರಿಕೊಂಡನು. ಪುಸ್ತಕ ಎತ್ತಿಡುವ ಕೆಲಸ ಮುಗಿದ ಮೇಲೆ ಉಳಿದ ವೇಳೆಯಲ್ಲಿ ಕಾಲರಾ ರೋಗಾಣುಗಳನ್ನು ಅಭ್ಯಸಿಸಿದನು. 1892ರ ಜುಲೈ 18ರಂದು ತನ್ನ ಕಾಲರಾ ಲಸಿಕೆಯನ್ನು ಮೊದಲು ತನ್ನ ದೇಹಕ್ಕೇ ಚುಚ್ಚಿಕೊಂಡನು.

1893ರಲ್ಲಿ ಅವನು ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿಯೂ ಉತ್ತರ ಭಾರತದಲ್ಲಿಯೂ ಕಾಲರಾ ಲಸಿಕೆ ಹಾಕಿದನು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರ್ಕಾರ ಅವನನ್ನು ಅಲ್ಲಿಗೆ ಕಳುಹಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಕೋಣೆಯಲ್ಲಿ ಕೆಲವೇ ತಿಂಗಳಲ್ಲಿ ಹೊಸ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಅದನ್ನೂ ತನ್ನ ಮೈಗೇ ಹಾಕಿಸಿಕೊಂಡು ಜ್ವರವನ್ನೂ ನೋವನ್ನೂ ಅನುಭವಿಸಿದನು.

ಇಲ್ಲಿಯವರೆಗೆ ಇದು ನಿರ್ಮಲವಾದ ವೀರಗಾಥೆ. ಮುಂದೆ ಇದರೊಳಗೆ ತೊಡಕು ಹುಟ್ಟುತ್ತದೆ. ಅದೇ ತಿಂಗಳ ಕೊನೆಯಲ್ಲಿ ಪ್ಲೇಗು ಹೊಕ್ಕಿದ್ದ ಬೈಕುಲ್ಲಾ ಸೆರೆಮನೆಯಲ್ಲಿ, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿ, ಹಾಕಿಸಿಕೊಳ್ಳದವರೊಡನೆ ಅವರನ್ನು ಹೋಲಿಸಿ ನೋಡಲಾಯಿತು. ಲಸಿಕೆ ಪಡೆದವರಲ್ಲಿ ರೋಗ ಕಡಮೆಯಾಯಿತು, ನಿಜ. ಆದರೆ ಬಾಗಿಲ ಬೀಗದ ಕೈ ಮತ್ತೊಬ್ಬನ ಬಳಿಯಿರುವಾಗ ಕೈದಿಯ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ? 1898ರಲ್ಲಿ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್ನನ ನೇತೃತ್ವದಲ್ಲಿ ಹತ್ತಾರು ಸಾವಿರ ಜನರಿಗೆ ಲಸಿಕೆ ಹಾಕಲಾಯಿತು. ಅದರಿಂದ ಎಷ್ಟೋ ಜೀವಗಳು ಉಳಿದವು. ಲಸಿಕೆ ಹಾಕಿಸಿಕೊಂಡವರಿಗೆ ಪ್ಲೇಗಿನ ಕಠಿಣ ನಿರ್ಬಂಧಗಳಿಂದ ವಿನಾಯಿತಿ ಕೊಡುವ ಪದ್ಧತಿಯೂ ಆ ಕಾಲದಲ್ಲಿತ್ತು. ಮನೆಮಂದಿಯನ್ನು ಅಗಲುವ ಭಯಕ್ಕೆ ತೋಳು ಒಡ್ಡಿದವನನ್ನು ಸ್ವಇಚ್ಛೆಯಿಂದ ಒಡ್ಡಿದನೆನ್ನುವುದು ಕಷ್ಟ. ಆ ಬಳಿಕ ಬಂದ ಪ್ಲೇಗು ಆಯೋಗವು ಲಸಿಕೆಯ ಉಪಯೋಗವನ್ನು ಮನ್ನಿಸಿತು. ಆದರೆ ಅದರ ಪ್ರಮಾಣವನ್ನು ನಿಶ್ಚಯಿಸುವ ಕ್ರಮ ನೆಚ್ಚತಕ್ಕದ್ದಲ್ಲವೆಂದು ಆಕ್ಷೇಪಿಸಿತು.

ಆ ಎಚ್ಚರಿಕೆಯ ಅರ್ಥ 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಕ್ರೂರವಾಗಿ ಪ್ರಕಟವಾಯಿತು. ಆ ದಿನ 107 ಜನರು ಲಸಿಕೆ ಹಾಕಿಸಿಕೊಂಡರು. ಅವರಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಬೇಡಿಕೆ ಹೆಚ್ಚಿದಂತೆ ಹಾಫ್‌ಕಿನ್ನನು ಲಸಿಕೆಗೆ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು ಕಾಯಿಸುವ ವಿಧಾನವನ್ನು ನೆಚ್ಚಿದ್ದನು; ಅದು ಅವನಿಗೆ ವಿರುದ್ಧವಾಗಿ ನಿಂತಿತು. ಮುಂಬಯಿಯ ಪ್ರಯೋಗಶಾಲೆಯಲ್ಲಿಯೇ ಸೀಸೆ ಕೆಟ್ಟಿತೆಂದು ವಿಚಾರಣಾ ಸಮಿತಿ ನಿರ್ಣಯಿಸಿತು. ಅವನು ಅಧಿಕಾರ ಕಳೆದುಕೊಂಡು ಭಾರತವನ್ನು ಬಿಟ್ಟನು. ಸೀಸೆಯನ್ನು ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತೆಂಬ ಸಂಗತಿಗೆ ಬೆಲೆ ದೊರೆಯಲು ವರ್ಷಗಳೇ ಬೇಕಾದವು. ರೊನಾಲ್ಡ್ ರಾಸ್ ಮೊದಲಾದವರು ಅವನ ಪರವಾಗಿ ಹೋರಾಡಿದ ಮೇಲೆ 1907ರಲ್ಲಿ ಅವನು ದೋಷಮುಕ್ತನಾಗಿ ಕಲ್ಕತ್ತೆಗೆ ಮರಳಿದನು. ಆದರೆ ಹಿಂದಿನಂತೆ ಪ್ರಯೋಗ ನಡೆಸುವ ಸ್ವಾತಂತ್ರ್ಯ ಅವನಿಗೆ ಮತ್ತೆ ದೊರೆಯಲಿಲ್ಲ. ಕೊನೆಗೆ ನಿವೃತ್ತನಾಗಿ ಯೂರೋಪಿಗೆ ಹೋಗಿ, 1930ರ ಅಕ್ಟೋಬರ್ 26ರಂದು ಲೋಸಾನ್ ನಗರದಲ್ಲಿ ತೀರಿಕೊಂಡನು. ಪರೇಲಿನ ಪ್ರಯೋಗಶಾಲೆ 1925ರಿಂದ ಅವನ ಹೆಸರನ್ನೇ ಹೊತ್ತಿದೆ.

ಈ ಬಾಳು ನಮಗೆ ಹೇಳುವುದೇನು? ಹಾಫ್‌ಕಿನ್ನನ ಧೈರ್ಯದಲ್ಲಿ ಕೊರತೆಯಿರಲಿಲ್ಲ, ಕರುಣೆಯಲ್ಲಿಯೂ ಇರಲಿಲ್ಲ. ಕೊರತೆಯಿದ್ದುದು ವ್ಯವಸ್ಥೆಯಲ್ಲಿ. ವಿಜ್ಞಾನಿ ತನ್ನ ತೋಳನ್ನು ಮೊದಲು ಒಡ್ಡುವುದು ಅವನ ಪ್ರಾಮಾಣಿಕತೆಗೆ ಸಾಕ್ಷಿಯಾದೀತು. ಮತ್ತೊಬ್ಬನ ತೋಳಿಗೆ ಅದು ರಕ್ಷೆಯಾಗಲಾರದು. ತಿಳಿದು ಕೊಟ್ಟ ಒಪ್ಪಿಗೆ, ಹೊರಗಿನವರ ಪರಿಶೀಲನೆ, ಪ್ರತಿಯೊಂದು ಸೀಸೆಯ ಪರೀಕ್ಷೆ — ಇವು ಗಟ್ಟಿಯಾಗಿದ್ದಿದ್ದರೆ ಮಲ್ಕೋವಾಲಿನ ರೈತರಿಗೂ ಕಾವಲಾಗುತ್ತಿದ್ದವು, ಹಾಫ್‌ಕಿನ್ನನ ಮಾನಕ್ಕೂ ಕಾವಲಾಗುತ್ತಿದ್ದವು.

ಇಂದು ಪ್ರಶ್ನೆ ಇನ್ನೂ ಆಳಕ್ಕೆ ಇಳಿದಿದೆ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣಗಳ ವಂಶವಾಹಿಯನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳ ಜನನಕ್ಕೆ ಕಾರಣನಾದನು. 2019ರಲ್ಲಿ ಅಲ್ಲಿಯ ನ್ಯಾಯಾಲಯ ಅವನಿಗೆ ಮೂರು ವರ್ಷದ ಸೆರೆವಾಸ ವಿಧಿಸಿತು. ಅದೇ 2019ರಲ್ಲಿ ಭಾರತದ ವೈದ್ಯಕೀಯ ಸಂಶೋಧನಾ ಪರಿಷತ್ತು ಪ್ರಕಟಿಸಿದ ಮಾರ್ಗಸೂಚಿ ಸಂತತಿಗೆ ಹರಿದುಹೋಗುವಂಥ ತಿದ್ದುಪಡಿಯನ್ನು ನಿಷೇಧಿಸಿದೆ. ಏಕೆಂದರೆ ಇಲ್ಲಿ ಹಾಫ್‌ಕಿನ್ನನ ದಾರಿಯೂ ಮುಚ್ಚಿದೆ. ಹುಟ್ಟಲಿರುವ ಮಗುವಿನ ಬದಲು ವಿಜ್ಞಾನಿ ತನ್ನ ಮೈಯನ್ನು ಮೊದಲು ಒಡ್ಡಲಾರನು. ಆ ಮಗುವಾದರೋ ಒಲ್ಲೆನೆಂದು ಹೇಳಲಾರದು. ನಾಳೆ ಇಂಥ ಚಿಕಿತ್ಸೆಯೊಂದು ಇಟ್ಟಂಗಿಹಾಳದ ಬಡವನ ಮನೆಬಾಗಿಲಿಗೆ ಬಂದರೆ, ತಂದವನು ಎಷ್ಟು ದೊಡ್ಡವನೆಂದು ಕೇಳುವ ಮುನ್ನ ಕಾವಲು ಎಷ್ಟು ಗಟ್ಟಿಯೆಂದು ಕೇಳಬೇಕು. ಮಲ್ಕೋವಾಲಿನ ಹತ್ತೊಂಬತ್ತು ಮಂದಿಯ ಋಣವನ್ನು ತೀರಿಸಲು ನಮಗೆ ಉಳಿದಿರುವ ದಾರಿ ಇದೊಂದೇ.